ಜೇಬುಚಾಕುವಿನ ಮೊನೆ ಮುರಿದಿದೆ, ಅಂಚು ಮುಕ್ಕಾಗಿದೆ: ಸರಿ ಮಾಡಬಹುದೇ?

ಪ್ರಶ್ನೆ: ನಾನು ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಒಂದು ಮಡಚುವ ಜೇಬುಚಾಕು ಇದೆ. ಸ್ಟೇನ್‌ಲೆಸ್ ಸ್ಟೀಲ್, ಒಂದೇ ಅಲಗು. ಹಿಡಿಯ ಬೆನ್ನಲ್ಲಿ ಸ್ಪ್ರಿಂಗ್ ಇದೆ, ಲಾಕ್ ಇಲ್ಲ. ದಿನವಿಡೀ ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಪಟ್ಟಿ, ಹಗ್ಗ ಕತ್ತರಿಸುತ್ತೇನೆ. ಆಗಾಗ ವೈರ್ ಸುಲಿಯುವುದು, ಪೇಂಟ್ ಡಬ್ಬದ ಮುಚ್ಚಳ ಮೀಟುವುದೂ ಇದೆ. ಈಗ ಮೊನೆ ಸುಮಾರು ಎರಡು ಮಿಲಿಮೀಟರ್ ಮುರಿದುಹೋಗಿದೆ. ಅಂಚಿನಲ್ಲಿ ಮೂರು ಕಡೆ ಮುಕ್ಕಾಗಿದೆ. ನಟ್ಟನಡುವೆ ಒಂದು ಜಾಗ ಎಷ್ಟು ಮಸೆದರೂ ಎರಡೇ ದಿನಕ್ಕೆ ಮೊಂಡಾಗುತ್ತದೆ. ಬುಡದ ಹತ್ತಿರ ಸಣ್ಣ ಕಪ್ಪು ಚುಕ್ಕೆಗಳಿವೆ. ಅಲಗು ಸ್ವಲ್ಪ ಅಲ್ಲಾಡುತ್ತದೆ. ಒಬ್ಬ ಗೆಳೆಯ ಅಯಸ್ಕಾಂತ ಹಿಡಿದು ನೋಡಿ, ‘ಇದು ಅಂಟುತ್ತಿದೆ, ಅಸಲಿ ಸ್ಟೇನ್‌ಲೆಸ್ ಅಲ್ಲ, ಮೋಸ ಹೋಗಿದ್ದೀಯ’ ಅಂದ. ಇನ್ನೊಬ್ಬ ಗ್ರೈಂಡರ್‌ಗೆ ಹಿಡಿದು ಹೊಸ ಮೊನೆ ತೆಗೆಸು ಅನ್ನುತ್ತಾನೆ. ಕೆಲಸ ಸಿಕ್ಕಾಗ ಅಣ್ಣ ಕೊಟ್ಟ ಚಾಕು ಇದು, ಎಸೆಯಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಚಾಕು ಉಳಿಯುತ್ತದೆ, ಮೊದಲು ಆ ಚಿಂತೆ ಬಿಡಿ. ನೀವು ಬರೆದದ್ದನ್ನು ನೋಡಿದರೆ ಎಸೆಯುವಂಥದ್ದು ಏನೂ ಆಗಿಲ್ಲ. ಗ್ರೈಂಡರ್ ಹತ್ತಿರ ಮಾತ್ರ ಒಯ್ಯಬೇಡಿ. ಈಗ ಆಗಿರುವುದನ್ನು ಕೈಯಲ್ಲೇ ಸರಿಪಡಿಸಬಹುದು. ಗ್ರೈಂಡರ್‌ನಿಂದ ಆಗುವುದನ್ನು ಸರಿಪಡಿಸಲು ಆಗುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಹೇಳಿದ ಐದು ತೊಂದರೆಗಳು ಒಂದೇ ಕಾರಣಕ್ಕೆ ಆದವಲ್ಲ. ಮುರಿದ ಮೊನೆ ತಟ್ಟನೆ ಕಣ್ಣಿಗೆ ಬೀಳುತ್ತದೆ, ಹಾಗಾಗಿ ರಿಪೇರಿಗೆ ತರುವವರೆಲ್ಲ ಅದನ್ನೇ ಮೊದಲು ತೋರಿಸುತ್ತಾರೆ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಯೋಚನೆ ಹುಟ್ಟಿಸಿದ್ದು ಅಲ್ಲಾಡುವ ಅಲಗು. ಮೊದಲೇ ಲಾಕ್ ಇಲ್ಲದ ಚಾಕು, ಅದರಲ್ಲಿ ಮೀಟುವ ಕೆಲಸ ಬೇರೆ. ಮೊನೆ ಮುರಿದರೆ ಹೋಗುವುದು ಎರಡು ಮಿಲಿಮೀಟರ್ ಉಕ್ಕು. ಕೀಲು ಕೈಕೊಟ್ಟರೆ ಅಲಗು ನಿಮ್ಮ ಬೆರಳ ಮೇಲೇ ಮಡಚಿಕೊಳ್ಳುತ್ತದೆ.

ಅಯಸ್ಕಾಂತದ ಮಾತನ್ನು ಇಲ್ಲೇ ಮುಗಿಸಿಬಿಡೋಣ. ನೀವು ಮೋಸ ಹೋಗಿಲ್ಲ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಹಲವು ಜಾತಿಗಳಿವೆ. ಪಾತ್ರೆಗಳಿಗೆ ಸಾಮಾನ್ಯವಾಗಿ ಬಳಸುವುದರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. ಅದು ಅಯಸ್ಕಾಂತಕ್ಕೆ ಅಂಟುವುದು ತೀರಾ ಕಡಿಮೆ, ಅಂಟುವುದೇ ಇಲ್ಲ ಅನ್ನಬಹುದು. ಆದರೆ ಅದನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಲು ಬರುವುದಿಲ್ಲ. ಹಾಗಾಗಿ ಒಳ್ಳೆಯ ಅಲಗಿಗೆ ಅದು ಹೊಂದುವುದಿಲ್ಲ. ಚಾಕುವಿಗೆ ಬೇಕಾದದ್ದು ಇಂಗಾಲ ಜಾಸ್ತಿ ಇರುವ, ಹದ ಹಿಡಿಯುವ ಇನ್ನೊಂದು ಜಾತಿ. ಅದು ಅಂಟಿಯೇ ಅಂಟುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಲೋಹತಜ್ಞ ಹ್ಯಾರಿ ಬ್ರಿಯರ್ಲಿ ತಯಾರಿಸಿದ, ಮುಂದೆ ಚಾಕುಗಳಿಗೆ ಬಳಕೆಗೆ ಬಂದ ಉಕ್ಕೂ ಇದೇ ಜಾತಿಯದ್ದು. ಅದರಲ್ಲಿ ಕ್ರೋಮಿಯಂ 12.8% ಇತ್ತು. ನಿಮ್ಮ ಅಲಗು ಅಯಸ್ಕಾಂತಕ್ಕೆ ಅಂಟದೇ ಇದ್ದಿದ್ದರೆ ನಾನು ಅನುಮಾನ ಪಡುತ್ತಿದ್ದೆ.

ಇನ್ನು ಮುಕ್ಕಿನ ವಿಷಯ. ಹರಿತವಾದ ಅಲಗಿನ ತುತ್ತತುದಿ ಒಂದು ಮೈಕ್ರಾನ್‌ಗಿಂತಲೂ ತೆಳುವಾಗಿರಬಹುದು. ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಅಷ್ಟು ತೆಳುವಾದದ್ದು ನೇರವಾಗಿ ಒತ್ತಿದರೆ ತಡೆದುಕೊಳ್ಳುತ್ತದೆ. ಪಕ್ಕಕ್ಕೆ ತಿರುಚಿದರೆ ತಡೆಯುವುದಿಲ್ಲ. ಇದನ್ನು ಚೆನ್ನಾಗಿ ತೋರಿಸಿದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು. 2020ರಲ್ಲಿ ಪ್ರಕಟವಾದ ಕೆಲಸ ಅದು. ಕ್ಷೌರದ ಬ್ಲೇಡಿನಿಂದ ಕೂದಲು ಕತ್ತರಿಸುವುದನ್ನು ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೇ ಇಟ್ಟು ನೋಡಿದರು. ಕೂದಲು ಆ ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಬ್ಲೇಡು ಮುಕ್ಕಾಯಿತು. ಕೂದಲು ಬಾಗಿ ಅಂಚನ್ನು ಓರೆಯಾಗಿ ಒತ್ತಿದಾಗ, ಅದೂ ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಜಾಗದಲ್ಲಿ, ಚೂರು ಎದ್ದು ಬಂತು. ಕೂದಲಿಗೇ ಹೀಗಾದರೆ, ಪೆಟ್ಟಿಗೆಯ ಸ್ಟೇಪಲ್ ಪಿನ್ನಿಗೆ ತಗುಲಿದ ಅಲಗನ್ನು ಬಿಡಿಸಿಕೊಳ್ಳಲು ತಿರುಚಿದರೆ ಏನಾಗಬಹುದು ಯೋಚಿಸಿ.

ನಿಮ್ಮ ಮೂರು ಮುಕ್ಕುಗಳಲ್ಲಿ ಒಂದೆರಡು ಹೀಗೇ ಆಗಿರಬೇಕು. ಇನ್ನೊಂದು ಕಾರಣ ವೈರ್. ಮೇಲಿನ ಪ್ಲಾಸ್ಟಿಕ್ ಸುಲಿಯುವಾಗ ಒಳಗಿನ ತಾಮ್ರ ತಗುಲುತ್ತದೆ. ತಾಮ್ರ ಮೆತ್ತಗಿನ ಲೋಹ, ಏನೂ ಆಗುವುದಿಲ್ಲ ಅಂತ ಅನ್ನಿಸುತ್ತದೆ ಅಲ್ವಾ? ನೇರವಾಗಿ ಒತ್ತಿದರೆ ದೊಡ್ಡ ಹಾನಿ ಇಲ್ಲ. ಆದರೆ ಸುಲಿಯುವಾಗ ಅಲಗನ್ನು ವೈರಿನ ಸುತ್ತ ಹೊರಳಿಸುತ್ತೇವೆ. ಆ ಹೊರಳಿಕೆಯೇ ಅಂಚನ್ನು ಪಕ್ಕಕ್ಕೆ ಮಡಚುವುದು.

ಮಡಚಿಕೊಂಡ ಅಂಚು ಬೇರೆ, ಮುಕ್ಕಾದ ಅಂಚು ಬೇರೆ. ದೀಪದ ಕೆಳಗೆ ಅಂಚನ್ನು ಮೇಲ್ಮುಖವಾಗಿ ಹಿಡಿದು ನೋಡಿ. ಚೆನ್ನಾಗಿ ಹರಿತ ಇರುವ ಅಂಚು ಬೆಳಕನ್ನು ಮರಳಿಸುವುದಿಲ್ಲ, ಕಾಣುವುದೇ ಇಲ್ಲ. ಮಿನುಗುವ ಜಾಗ ಎಲ್ಲಿದೆಯೋ ಅಲ್ಲಿ ಮೊಂಡಾಗಿದೆ ಅಥವಾ ಮಡಚಿದೆ. ಆಮೇಲೆ ಹತ್ತಿಯ ಚೂರನ್ನು ಅಲಗಿನ ಬೆನ್ನಿನಿಂದ ಅಂಚಿನ ಆಚೆಗೆ ಮೆಲ್ಲಗೆ ಎಳೆಯಿರಿ. ಒಂದು ಮಗ್ಗುಲಲ್ಲಿ ಮಾತ್ರ ಎಳೆ ಸಿಕ್ಕಿಕೊಂಡರೆ ಅಂಚು ಆ ಕಡೆಗೆ ಮಡಚಿದೆ. ಎರಡೂ ಮಗ್ಗುಲಲ್ಲಿ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಅದು ಮುಕ್ಕು. ಬೆರಳಿನಿಂದ ಪರೀಕ್ಷಿಸುವುದು ಬೇಡ. ಸಣ್ಣ ಮಡಿಕೆಯನ್ನು ನಯವಾದ ಕಲ್ಲಿನ ಮೇಲೆ ಕೆಲವು ಎಳೆತದಲ್ಲಿ ತೆಗೆಯಬಹುದು. ಮುಕ್ಕಿನಲ್ಲಿ ಉಕ್ಕು ಹೋಗಿಯೇಬಿಟ್ಟಿದೆ. ಸುತ್ತಲಿನ ಅಂಚನ್ನು ಅದರ ಆಳಕ್ಕೆ ಇಳಿಸುವುದೊಂದೇ ದಾರಿ.

ರಟ್ಟಿನ ಪೆಟ್ಟಿಗೆ ಮಾಡುವ ಹಾನಿ ಇನ್ನೊಂದು ಬಗೆಯದು. ಅದು ಮುಕ್ಕು ಮಾಡುವುದಿಲ್ಲ, ಸವೆಸುತ್ತದೆ. ಕಾಗದದಲ್ಲಿ ತುಂಬಿಕೆಗೆಂದು ಸೇರಿಸಿದ ಖನಿಜದ ಪುಡಿ ಇರಬಹುದು. ಜೊತೆಗೆ ಗೋದಾಮಿನ ನೆಲದ ದೂಳು. ಮೊಹ್ಸ್ ಮಾಪಕದಲ್ಲಿ ಮರಳಿನ ಕಣದ ಗಡಸುತನ 7. ಚಾಕುವಿನ ಉಕ್ಕು ಅದಕ್ಕಿಂತ ಕೆಳಗೆ. ಹಾಗಾಗಿ ದಿನವಿಡೀ ಪೆಟ್ಟಿಗೆ ಕತ್ತರಿಸುವ ಅಲಗು ಬೇಗ ಮೊಂಡಾಗುವುದು ಸಹಜ. ಅದು ಕಳಪೆ ಉಕ್ಕಿನ ಗುರುತಲ್ಲ.

ಇಲ್ಲಿ ಅನೇಕರು ಎಡವುತ್ತಾರೆ. ‘ಇದಕ್ಕಿಂತ ಗಟ್ಟಿ ಉಕ್ಕಿನ ಚಾಕು ತಗೊಂಡರೆ ಈ ಕಾಟವೇ ಇರುವುದಿಲ್ಲ’ ಅಂದುಕೊಳ್ಳುತ್ತಾರೆ. ಉಕ್ಕನ್ನು ಜಾಸ್ತಿ ಗಟ್ಟಿ ಮಾಡಿದಷ್ಟೂ ಸವೆತ ಕಡಿಮೆ, ನಿಜ. ಆದರೆ ಪೆಟ್ಟು, ತಿರುಚು ತಡೆಯುವ ಶಕ್ತಿಯೂ ಕಡಿಮೆಯಾಗುತ್ತದೆ. ಉಕ್ಕಿನ ಗಡಸುತನ ಅಳೆಯಲು ರಾಕ್‌ವೆಲ್ ಸಿ ಅನ್ನುವ ಬೇರೆ ಮಾಪಕ ಇದೆ, ಸಂಖ್ಯೆ ಹೆಚ್ಚಿದಷ್ಟೂ ಉಕ್ಕು ಗಟ್ಟಿ. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಜೇಬುಚಾಕುಗಳ ಅಲಗು ಅದರಲ್ಲಿ ಸುಮಾರು 56. ಎಸ್30ವಿಯಂಥ ದುಬಾರಿ ಉಕ್ಕುಗಳನ್ನು 58ರಿಂದ 61ರವರೆಗೆ ಹದ ಮಾಡುತ್ತಾರೆ. ಆ 56 ಅನ್ನುವುದು ಬಡತನದ ಲೆಕ್ಕವಲ್ಲ. ಎಲ್ಲ ಕೆಲಸಕ್ಕೂ ಎಳೆದಾಡುವ ಚಾಕು ಮುಕ್ಕಾಗುವ ಬದಲು ಮಡಚಿಕೊಂಡರೆ ಒಳ್ಳೆಯದು. ಮಡಚಿದ್ದನ್ನು ಯಾರು ಬೇಕಾದರೂ ಸಾದಾ ಕಲ್ಲಿನಲ್ಲಿ ಸರಿ ಮಾಡಿಕೊಳ್ಳಬಹುದು. ಎಸ್30ವಿಯಲ್ಲಿ ಸುಮಾರು 4% ವೆನೇಡಿಯಂ ಅನ್ನುವ ಲೋಹ ಇದೆ. ಅದು ಉಕ್ಕಿನ ಒಳಗೆ ಕಟ್ಟುವ ಗಡಸು ಕಣಗಳು ಸಾಮಾನ್ಯ ಸಾಣೆಕಲ್ಲಿನ ಕಣಕ್ಕಿಂತಲೂ ಗಟ್ಟಿ. ಅದನ್ನು ಸಲೀಸಾಗಿ ಮಸೆಯಲು ವಜ್ರದ ಪುಡಿ ಹಚ್ಚಿದ ಪಟ್ಟಿ ಬೇಕಾಗುತ್ತದೆ. ಮುಚ್ಚಳ ಮೀಟುವ ಅಭ್ಯಾಸ ಇರುವವರಿಗೆ ನಾನು ಅಂಥ ಚಾಕು ಹೇಳುವುದೇ ಇಲ್ಲ.

ಮೊನೆ ಮುರಿದದ್ದು ಮೀಟಿದ್ದರಿಂದಲೇ. ಇದರಲ್ಲಿ ನನಗೆ ಅನುಮಾನವಿಲ್ಲ. ಅಲಗಿನ ದಪ್ಪ ಅರ್ಧ ಆದರೆ ಬಾಗಿಸುವ ಬಲವನ್ನು ತಡೆಯುವ ಶಕ್ತಿ ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಮೊನೆಯ ಹತ್ತಿರ ಅಲಗು ದಪ್ಪದಲ್ಲೂ ಅಗಲದಲ್ಲೂ ಕಿರಿದಾಗುತ್ತಾ ಹೋಗುತ್ತದೆ. ಡಬ್ಬದ ಸಂದಿಗೆ ಹೋಗುವುದು ಆ ಕೊನೆಯ ಎರಡು ಮಿಲಿಮೀಟರೇ. ಅದನ್ನೇ ಊರಿ ಎತ್ತಿದರೆ ಯಾವ ಉಕ್ಕೂ ಉಳಿಯುವುದಿಲ್ಲ. ಮುಚ್ಚಳಕ್ಕೆ ಒಂದು ಹಳೆಯ ಸ್ಕ್ರೂಡ್ರೈವರ್ ಜೇಬಿನಲ್ಲಿಟ್ಟುಕೊಳ್ಳಿ.

ಈಗ ನಿಮ್ಮ ಆ ನಡುವಿನ ಮೊಂಡು ಜಾಗಕ್ಕೆ ಬರುತ್ತೇನೆ. ನೀವು ಅದಕ್ಕೆ ಉಕ್ಕಿನ ದೋಷ ಅಥವಾ ಮಸೆಯುವ ದೋಷ ಅಂದುಕೊಂಡಿರಬಹುದು. ನನಗೆ ಅನ್ನಿಸುವುದೇ ಬೇರೆ. ನೀವು ಚಾಕುವನ್ನು ಟಪ್ ಅಂತ ಮುಚ್ಚುತ್ತೀರಿ, ಅಲ್ವಾ? ಬೆನ್ನಿನ ಸ್ಪ್ರಿಂಗ್ ಇರುವ ಚಾಕುವಿನಲ್ಲಿ ಅಲಗು ಮುಚ್ಚಿದಾಗ ಅಂಚು ಎಲ್ಲೂ ತಾಗದೆ ನಿಲ್ಲಬೇಕು. ಅದಕ್ಕೆಂದೇ ಅಲಗಿನ ಬುಡದಲ್ಲಿ, ಹರಿತ ಶುರುವಾಗುವ ಮೊದಲು, ಒಂದು ಸಣ್ಣ ಮೊಂಡು ಉಬ್ಬು ಇರುತ್ತದೆ. ಅದು ಸ್ಪ್ರಿಂಗ್ ಮೇಲೆ ಕೂತು ಅಂಚನ್ನು ಎತ್ತಿ ಹಿಡಿಯುತ್ತದೆ. ಮೆಲ್ಲಗೆ ಮುಚ್ಚಿದರೆ ಅದು ತನ್ನ ಕೆಲಸ ಮಾಡುತ್ತದೆ. ರಭಸದಿಂದ ಬಿಟ್ಟರೆ ಸ್ಪ್ರಿಂಗ್ ಒಂದು ಕ್ಷಣ ಬಾಗುತ್ತದೆ, ಅಲಗು ಇನ್ನಷ್ಟು ಒಳಗಿಳಿದು ಅಂಚಿನ ನಡುಭಾಗ ಒಳಗಿನ ಉಕ್ಕಿಗೆ ಬಡಿಯುತ್ತದೆ. ದಿನಕ್ಕೆ ಎಷ್ಟು ಸಲ ಮುಚ್ಚುತ್ತೀರೋ ಅಷ್ಟು ಪೆಟ್ಟು.

ಪರೀಕ್ಷೆ ಸುಲಭ. ಅಂಚಿನುದ್ದಕ್ಕೂ ಮಾರ್ಕರ್ ಪೆನ್ನಿನ ಶಾಯಿ ಹಚ್ಚಿ ಒಣಗಲು ಬಿಡಿ. ಬೆರಳುಗಳನ್ನು ದೂರ ಇಟ್ಟು, ಅಲಗನ್ನು ಕೈಯಲ್ಲೇ ಹಿಡಿದು ಮೆಲ್ಲಗೆ ಮುಚ್ಚಿ, ತೆರೆದು ನೋಡಿ. ಆಮೇಲೆ ನೀವು ದಿನಾ ಮುಚ್ಚುವ ಹಾಗೆ ಮುಚ್ಚಿ ನೋಡಿ. ಎರಡನೇ ಸಲ ಮಾತ್ರ ಆ ಜಾಗದಲ್ಲಿ ಶಾಯಿ ಉಜ್ಜಿಹೋಗಿದ್ದರೆ ಕಾರಣ ಸಿಕ್ಕಿತು. ಮದ್ದು ಅಂದರೆ ಕೊನೆಯವರೆಗೂ ಹಿಡಿದುಕೊಂಡು ಮುಚ್ಚುವುದು, ಅಷ್ಟೇ. ಮೆಲ್ಲಗೆ ಮುಚ್ಚಿದಾಗಲೂ ಶಾಯಿ ಹೋದರೆ ಬುಡದ ಉಬ್ಬು ಸವೆದಿದೆ. ಮಸೆಯುವಾಗ ಅದನ್ನೂ ಕಲ್ಲಿಗೆ ಉಜ್ಜಿರುತ್ತೀರಿ, ತುಂಬ ಜನ ಹೀಗೆ ಮಾಡುತ್ತಾರೆ. ಆಗ ಹಿಡಿಯ ಒಳಗೆ ತಳದಲ್ಲಿ ತೆಳುವಾದ ಚರ್ಮದ ಚೂರು ಅಂಟಿಸುವವರಿದ್ದಾರೆ. ಕೆಲಸ ಮಾಡುತ್ತದೆ. ಆದರೆ ಚರ್ಮ ತೇವ ಹಿಡಿದಿಡುತ್ತದೆ, ತುಕ್ಕಿಗೆ ದಾರಿ. ದಪ್ಪ ಜಾಸ್ತಿಯಾದರೆ ಮೊನೆ ಹೊರಗೆ ಇಣುಕುತ್ತದೆ. ನನ್ನನ್ನು ಕೇಳಿದರೆ ಅಂಚನ್ನೇ ಒಂದಿಷ್ಟು ಮೇಲಕ್ಕೆ ಸವೆಸುವುದು ಉತ್ತಮ. ಹೇಗೂ ಮುಕ್ಕು ತೆಗೆಯಲು ನೀವು ಅದನ್ನೇ ಮಾಡಬೇಕು.

ಗ್ರೈಂಡರ್ ಯಾಕೆ ಬೇಡ ಅಂದೆ, ಅದನ್ನು ಹೇಳುತ್ತೇನೆ. ಜೇಬುಚಾಕುವಿಗೆ ಬಳಸುವ ಅನೇಕ ಉಕ್ಕುಗಳನ್ನು ಗಟ್ಟಿ ಮಾಡಿದ ಮೇಲೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಮತ್ತೆ ಕಾಯಿಸಿ ಹದಕ್ಕೆ ತರುತ್ತಾರೆ. ಬಳಕೆಯಲ್ಲಿ ಯಾವಾಗಲಾದರೂ ಅದಕ್ಕಿಂತ ಜಾಸ್ತಿ ಕಾದರೆ ಉಕ್ಕು ಮೆತ್ತಗಾಗುತ್ತದೆ. ತೆಳು ಅಂಚನ್ನು ವೇಗವಾಗಿ ತಿರುಗುವ ಒಣ ಕಲ್ಲಿಗೆ ತಾಗಿಸಿದರೆ ಆ ಶಾಖ ಕ್ಷಣದಲ್ಲಿ ಬರುತ್ತದೆ. ‘ಆಗಾಗ ನೀರಿಗೆ ಅದ್ದುತ್ತೇನೆ’ ಅನ್ನುತ್ತಾರೆ. ಕಾದು ಮೆತ್ತಗಾದ ಮೇಲೆ ಅದ್ದಿದರೆ ಗಡಸುತನ ವಾಪಸ್ ಬರುವುದಿಲ್ಲ. ‘ನೀಲಿ ಬಣ್ಣ ಬಂದಿಲ್ಲ, ಹಾಗಾಗಿ ಕಾದಿಲ್ಲ’ ಅನ್ನುವುದು ಇನ್ನೊಂದು ವಾದ. ಸಾದಾ ಇಂಗಾಲದ ಉಕ್ಕು ಸುಮಾರು 300 ಡಿಗ್ರಿಗೆ ನೀಲಿಯಾಗುತ್ತದೆ. ಸ್ಟೇನ್‌ಲೆಸ್‌ನಲ್ಲಿ ಅದೇ ಬಣ್ಣ ಕಾಣಲು ಇನ್ನೂ ಜಾಸ್ತಿ ಶಾಖ ಬೇಕು. ಬಣ್ಣ ಕಾಣುವ ಮೊದಲೇ ಕೆಲಸ ಕೆಟ್ಟಿರುತ್ತದೆ. ಹಾಗೆ ಮೆತ್ತಗಾದ ಅಂಚು ಎಷ್ಟು ಮಸೆದರೂ ನಿಲ್ಲುವುದಿಲ್ಲ. ಆ ಭಾಗವನ್ನು ಪೂರ್ತಿ ಸವೆಸಿ ಒಳಗಿನ ಒಳ್ಳೆಯ ಉಕ್ಕು ಸಿಗುವವರೆಗೆ ಹೋಗಬೇಕು. ಜೇಬುಚಾಕುವಿನ ಸಣ್ಣ ಅಲಗಿನಲ್ಲಿ ಅಷ್ಟು ಉಕ್ಕು ಎಲ್ಲಿದೆ?

ಮೊನೆಗೆ ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, ಹಾಗೇ ಬಿಡುವುದು. ನಿಮ್ಮ ಕೆಲಸಕ್ಕೆ ಚೂಪು ಮೊನೆ ನಿಜವಾಗಿಯೂ ಬೇಕೇ ಯೋಚಿಸಿ. ಪೆಟ್ಟಿಗೆಯ ಒಳಗಿನ ಸಾಮಾನಿಗೆ ಗೀರು ಬೀಳದಿರಲು ಮೊಂಡು ಮೊನೆಯೇ ಒಳ್ಳೆಯದು. ಮುರಿದ ಜಾಗದ ಚೂಪು ಮೂಲೆಗಳನ್ನು ಕಲ್ಲಿನ ಮೇಲೆ ದುಂಡಗೆ ಮಾಡಿಕೊಂಡರೆ ಸಾಕು. ಎರಡನೆಯದು, ಹೊಸ ಮೊನೆ ತರುವುದು. ಅದನ್ನು ಬೆನ್ನಿನ ಕಡೆಯಿಂದ ಸವೆಸಿ ತರಬೇಕು, ಅಂಚಿನ ಕಡೆಯಿಂದ ಯಾವತ್ತೂ ಬೇಡ. ಮಡಚುವ ಚಾಕು ಮುಚ್ಚಿದಾಗ ಅಂಚು ಹಿಡಿಯ ಒಳಗೆ, ಬೆನ್ನು ಹೊರಗೆ ಇರುತ್ತದೆ. ಬೆನ್ನನ್ನು ಇಳಿಸಿದರೆ ಹೊಸ ಮೊನೆ ಅಂಚಿನ ಕಡೆಗೆ ಬಂದು ಹಿಡಿಯೊಳಗೆ ಆಳದಲ್ಲಿ ಕೂರುತ್ತದೆ. ಅಂಚನ್ನು ಮೇಲಕ್ಕೆ ಸವೆಸಿದರೆ ಮೊನೆ ಬೆನ್ನಿನ ಕಡೆಗೆ ಏರಿ, ಮುಚ್ಚಿದಾಗಲೂ ಹೊರಗೆ ಇಣುಕುತ್ತದೆ. ಜೇಬಿಗೆ ಕೈಹಾಕಿದಾಗ ಚುಚ್ಚುವುದು ಆಮೇಲೆ.

ಕೆಲಸಕ್ಕೆ ದಪ್ಪ ಕಣದ ವಜ್ರದ ಪಟ್ಟಿ ಅಥವಾ ಒರಟು ಸಾಣೆಕಲ್ಲು ಸಾಕು, 200ರಿಂದ 400 ಗ್ರಿಟ್. ಗ್ರಿಟ್ ಅಂದರೆ ಕಲ್ಲಿನ ಕಣದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ. ಅಂಚಿಗೆ ನಾಲ್ಕು ಸುತ್ತು ಟೇಪ್ ಸುತ್ತಿ. ನೀರು ಹಾಕಿಕೊಂಡು, ಬೆನ್ನಿನ ತುದಿಯನ್ನು ಉಜ್ಜುತ್ತಾ ಬನ್ನಿ. ಅಲಗಿನ ಮೂಲ ಬಾಗನ್ನು ಪೆನ್ನಿನಲ್ಲಿ ಗುರುತು ಹಾಕಿಕೊಂಡರೆ ಆಕಾರ ಕೆಡುವುದಿಲ್ಲ. ಎರಡು ಮಿಲಿಮೀಟರಿಗೆ ಒಂದು ಸಂಜೆ ಬೇಕಾಗಬಹುದು. ಆಗಾಗ ಮುಚ್ಚಿ ನೋಡಿ. ಮೊನೆ ಒಳಗೆ ಕೂತ ತಕ್ಷಣ ನಿಲ್ಲಿಸಿ.

ಮುಕ್ಕುಗಳನ್ನು ಒಂದೇ ದಿನ ಪೂರ್ತಿ ತೆಗೆಯಬೇಕು ಅಂತ ಹಟ ಬೇಡ. ಸಣ್ಣವು ಎರಡು ಸಲ ಮಸೆಯುವಾಗ ತಾನಾಗಿ ಹೋಗುತ್ತವೆ. ಆಳವಾದದ್ದು ಒಂದಿದ್ದರೆ ಅರ್ಧ ಉಳಿದರೂ ಪರವಾಗಿಲ್ಲ, ಮುಂದಿನ ಸಲ ನೋಡಿಕೊಳ್ಳಿ. ಸುಮ್ನೆ ಒಂದು ಮುಕ್ಕಿಗಾಗಿ ಇಡೀ ಅಲಗನ್ನು ಸವೆಸಿದರೆ ಚಾಕುವಿನ ಆಯಸ್ಸೇ ಕಮ್ಮಿಯಾಗುತ್ತದೆ. ಮುಕ್ಕು ಇರುವ ಜಾಗವನ್ನಷ್ಟೇ ಉಜ್ಜಬೇಡಿ, ಅಲ್ಲಿ ತಗ್ಗಾಗುತ್ತದೆ. ಬುಡದಿಂದ ಮೊನೆಯವರೆಗೂ ಒಂದೇ ಸಮ ಎಳೆಯಿರಿ. ಕೋನ ಒಂದೊಂದು ಮಗ್ಗುಲಿಗೆ 20 ಡಿಗ್ರಿ ಇಟ್ಟುಕೊಳ್ಳಿ. 15 ಇಟ್ಟರೆ ಕಡಿಯುವುದು ಸೊಗಸು, ಆದರೆ ನಿಮ್ಮ ಕೆಲಸಕ್ಕೆ ಅದು ಬಾಳುವುದಿಲ್ಲ. ಕೋನ ಸರಿಯಿದೆಯೇ ಅಂತ ಇಲ್ಲೂ ಮಾರ್ಕರ್ ಶಾಯಿ ಹೇಳುತ್ತದೆ. ಅಂಚಿನ ತುದಿಯವರೆಗೂ ಶಾಯಿ ಹೋದರೆ ಸರಿ, ಮೇಲೆ ಮಾತ್ರ ಹೋದರೆ ಅಲಗನ್ನು ಇನ್ನೂ ಸ್ವಲ್ಪ ಎತ್ತಬೇಕು. ಒಂದು ಮಗ್ಗುಲು ಉಜ್ಜುತ್ತಾ ಹೋದರೆ ಇನ್ನೊಂದು ಮಗ್ಗುಲಲ್ಲಿ ಉಕ್ಕಿನ ಸಣ್ಣ ಸಿಬಿರು ಉದ್ದಕ್ಕೂ ಏಳುತ್ತದೆ. ಅದು ಎದ್ದ ಮೇಲೆಯೇ ಮಗ್ಗುಲು ಬದಲಿಸಿ. ಕೊನೆಗೆ ಒತ್ತಡ ಕಡಿಮೆ ಮಾಡುತ್ತಾ ಅದನ್ನು ತೆಗೆದುಹಾಕಿ. ರಟ್ಟು, ಹಗ್ಗ ಕಡಿಯಲು ಕನ್ನಡಿಯಂಥ ಹೊಳಪು ಬೇಕಿಲ್ಲ. 600 ಗ್ರಿಟ್‌ಗೆ ನಿಲ್ಲಿಸಿದ, ಸ್ವಲ್ಪ ಒರಟಾದ ಅಂಚೇ ನಾರನ್ನು ಚೆನ್ನಾಗಿ ಕಚ್ಚುತ್ತದೆ.

ಕಪ್ಪು ಚುಕ್ಕೆಗಳು ತುಕ್ಕು ಕೊರೆದ ಗುಳಿಗಳು. ಸ್ಟೇನ್‌ಲೆಸ್‌ಗೂ ತುಕ್ಕು ಬರುತ್ತದೆ, ಬೆವರಿನ ಉಪ್ಪು ಅದರ ಮೇಲಿನ ಕಾಪುಪದರವನ್ನು ಅಲ್ಲಲ್ಲಿ ಒಡೆಯುತ್ತದೆ. ಬುಡದಲ್ಲೇ ಬಂದಿರುವುದು ಯಾಕೆಂದರೆ ಅಲ್ಲಿ ತೇವ ಸಿಕ್ಕಿಕೊಳ್ಳುತ್ತದೆ, ಗಾಳಿಯಾಡುವುದಿಲ್ಲ. ಬೆಚ್ಚಗಿನ ಸೋಪು ನೀರು, ಹಳೆಯ ಟೂತ್‌ಬ್ರಷ್ ಹಾಕಿ ಉಜ್ಜಿ, ಪೂರ್ತಿ ಒಣಗಿಸಿ, ಕೀಲಿಗೆ ಒಂದು ಹನಿ ತೆಳು ಎಣ್ಣೆ ಬಿಡಿ. ಗುಳಿ ಅಂಚಿನಿಂದ ದೂರ ಇದ್ದರೆ ಅದನ್ನು ಉಜ್ಜಿ ಮಾಯ ಮಾಡುವ ಅಗತ್ಯವಿಲ್ಲ.

ಈ ತೊಳೆಯುವ ಕೆಲಸ ಮುಗಿದ ಮೇಲೆ ಅಲ್ಲಾಟವನ್ನು ಪರೀಕ್ಷಿಸಿ. ಕೊಳೆ ತುಂಬಿದ್ದರೆ ಅದು ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಪಕ್ಕಕ್ಕೆ ಕೂದಲೆಳೆಯಷ್ಟು ಅಲ್ಲಾಡಿದರೆ ಹಳೆಯ ಚಾಕುವಿಗೆ ಸಾಮಾನ್ಯ. ಕೀಲಿನಲ್ಲಿ ಸ್ಕ್ರೂ ಇದ್ದರೆ ತುಸುವೇ ತುಸು ಬಿಗಿ ಮಾಡಿ. ಬಡಿದು ಕೂರಿಸಿದ ರಿವೆಟ್ ಇದ್ದರೆ ನೀವೇ ಸುತ್ತಿಗೆ ಎತ್ತಬೇಡಿ. ಒಂದು ಪೆಟ್ಟು ಜಾಸ್ತಿಯಾದರೆ ಅಲಗು ಬಿಗಿದುಕೊಳ್ಳುತ್ತದೆ, ಇಲ್ಲವೇ ಹಿಡಿ ಸೀಳುತ್ತದೆ. ಅದನ್ನು ಬಲ್ಲವರ ಕೈಗೆ ಕೊಡಿ.

ಆಮೇಲೆ ಭೂತಗನ್ನಡಿ ಹಿಡಿದು ಮೂರು ಜಾಗ ನೋಡಿ: ಕೀಲಿನ ಸುತ್ತ, ಉಗುರಿನಿಂದ ಎತ್ತುವ ಗೀರಿನ ಕೊನೆಗಳು, ಸ್ಪ್ರಿಂಗ್. ಮೀಟಿದ ಬಲವೆಲ್ಲ ಹಾದುಹೋಗುವುದು ಇಲ್ಲೇ. ಕೂದಲಿನಂಥ ಬಿರುಕು ಕಂಡರೆ ಅಥವಾ ತೆರೆದ ಅಲಗಿನ ಬೆನ್ನನ್ನು ಅಂಗೈಯಿಂದ ಹಗುರವಾಗಿ ಒತ್ತಿದಾಗಲೇ ಅದು ಮಡಚಲು ಹೊರಟರೆ ಆ ಚಾಕುವನ್ನು ಕೆಲಸಕ್ಕೆ ತೆಗೆದುಕೊಂಡು ಹೋಗಬೇಡಿ. ಸ್ಪ್ರಿಂಗ್ ಬದಲಿಸುವವರು ಸಿಕ್ಕರೆ ಬದಲಿಸಿ. ಇಲ್ಲದಿದ್ದರೆ ಅಣ್ಣನ ನೆನಪಿಗೆ ಮನೆಯಲ್ಲಿಡಿ. ಬಿರುಕು ಬಿಟ್ಟ ಉಕ್ಕಿಗೆ ಬೆಸುಗೆ ಹಾಕಿಸುವುದೂ ಬೇಡ, ಆ ಶಾಖಕ್ಕೆ ಅಲಗಿನ ಹದ ಹೋಗುತ್ತದೆ.

ಪರೀಕ್ಷೆಯಲ್ಲಿ ಪಾಸಾದರೆ ನಿಮ್ಮ ಚಾಕು ಹಗ್ಗಕ್ಕೆ, ಪಟ್ಟಿಗೆ, ದಿನದ ಸಣ್ಣಪುಟ್ಟ ಕೆಲಸಕ್ಕೆ ಇನ್ನೂ ವರ್ಷಗಟ್ಟಲೆ ಬರುತ್ತದೆ. ರಾಶಿ ಪೆಟ್ಟಿಗೆಗಳಿಗೆ ಮಾತ್ರ ಬ್ಲೇಡ್ ಬದಲಿಸುವ ಕಟರ್ ಇಟ್ಟುಕೊಳ್ಳಿ. ಸವೆಯುವ ಕೆಲಸವನ್ನು ಬಿಸಾಡುವ ಬ್ಲೇಡಿಗೆ ಬಿಡುವುದೇ ಸರಿ. ವೈರಿಗೆ ಸ್ಟ್ರಿಪ್ಪರ್ ತಗೊಳ್ಳಿ, ಮತ್ತು ಕರೆಂಟ್ ಇರುವ ವೈರನ್ನು ಯಾವ ಚಾಕುವಿನಿಂದಲೂ ಮುಟ್ಟಬೇಡಿ. ಲಾಕ್ ಇಲ್ಲದ ಚಾಕುವನ್ನು ಯಾವಾಗಲೂ ನಿಮ್ಮ ಕಡೆಗೆ ಬಾರದಂತೆ ಎಳೆದು ಕತ್ತರಿಸಿ, ಮೊನೆಯಿಂದ ಚುಚ್ಚಿ ತಳ್ಳಬೇಡಿ. ತಳ್ಳಿದಾಗ ಮೊನೆ ಎಲ್ಲಾದರೂ ಸಿಕ್ಕಿಕೊಂಡರೆ ಮಡಚಲು ಅದಕ್ಕೆ ಅಷ್ಟೇ ನೆಪ ಸಾಕು.